ಏಕವಿಷಯ ಗ್ರಂಥ ಮತ್ತು 'ವಿಷಯ'ದ ಎರಡು ಅರ್ಥಗಳು: ಧಾರವಾಡ ಸೀಮೆಯ ಸಂಶೋಧನೆಯನ್ನು ಮುಂದಿಟ್ಟುಕೊಂಡು

1

ಸಂಶೋಧನೆಯ ಫಲಿತಗಳು ಪುಸ್ತಕರೂಪ ತಾಳುವ ಬಗೆಗಳು ಹಲವು. ಬಿಡಿ ಲೇಖನಗಳ ಸಂಕಲನ, ಅಭಿನಂದನ ಗ್ರಂಥ, ಸಂಸ್ಮರಣ ಸಂಪುಟ, ಶಾಸನ ಸಂಪುಟ, ಕೋಶ, ಸೂಚಿ, ಗ್ಯಾಸೆಟಿಯರ್ ಇವೆಲ್ಲವೂ ವಿದ್ವತ್ತಿನ ಫಲಗಳೇ. ಇವುಗಳ ನಡುವೆ ಏಕವಿಷಯ ಗ್ರಂಥಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಒಂದೇ ವಿಷಯವನ್ನು ಎತ್ತಿಕೊಂಡು, ಅದಕ್ಕೆ ಸಂಬಂಧಿಸಿದ ಆಕರಗಳನ್ನು ಸಾಧ್ಯವಾದ ಮಟ್ಟಿಗೆ ಪೂರ್ಣವಾಗಿ ಕಲೆಹಾಕಿ, ಹಿಂದಿನವರ ಅಭಿಪ್ರಾಯಗಳನ್ನು ಪರೀಕ್ಷಿಸಿ, ಕೊನೆಗೆ ತನ್ನದೇ ಆದ ನಿಲುವೊಂದನ್ನು ಮಂಡಿಸುವ ಗ್ರಂಥವನ್ನು ಏಕವಿಷಯ ಗ್ರಂಥವೆನ್ನಬಹುದು. ಮೊನೊಗ್ರಾಫ್ ಎಂಬ ಹೆಸರು ನಮ್ಮಲ್ಲಿ ಸಡಿಲವಾಗಿ ಬಳಕೆಯಾಗುತ್ತಿದೆ. ಕವಿಯೊಬ್ಬನ ಜೀವನ ಮತ್ತು ಕೃತಿಗಳನ್ನು ನೂರು ಪುಟಗಳಲ್ಲಿ ಪರಿಚಯಿಸುವ ಹೊತ್ತಗೆಯೂ ಮೊನೊಗ್ರಾಫ್, ಹತ್ತು ವರ್ಷಗಳ ಕ್ಷೇತ್ರಕಾರ್ಯದಿಂದ ಹುಟ್ಟಿದ ಬೃಹದ್ಗ್ರಂಥವೂ ಮೊನೊಗ್ರಾಫ್. ಪ್ರಸ್ತುತ ಲೇಖನದಲ್ಲಿ ಈ ಪದವನ್ನು ಎರಡನೆಯ ಅರ್ಥದಲ್ಲಿಯೇ ಗ್ರಹಿಸಲಾಗಿದೆ.

ಇಲ್ಲಿ 'ವಿಷಯ' ಎಂಬ ಪದವನ್ನು ಕುರಿತು ಒಂದು ಮಾತು ಹೇಳಬೇಕು. ಇಂದು ನಾವು ಚರ್ಚೆಯ ವಸ್ತು ಎಂಬ ಅರ್ಥದಲ್ಲಿ ಬಳಸುವ ಈ ಪದಕ್ಕೆ ಪ್ರಾಚೀನ ಶಾಸನಗಳಲ್ಲಿ ಇನ್ನೊಂದು ಅರ್ಥವೂ ಇದೆ. ನಾಡು, ದೇಶ, ಮಂಡಲ ಇವುಗಳಂತೆ 'ವಿಷಯ'ವೂ ಒಂದು ಆಡಳಿತ ವಿಭಾಗದ ಹೆಸರು. ತಾಮ್ರಪಟವೊಂದರಲ್ಲಿ ದಾನ ಕೊಟ್ಟ ಗ್ರಾಮ ಯಾವ 'ವಿಷಯ'ದಲ್ಲಿದೆ ಎಂದು ಹೇಳಿದ್ದರೆ, ಅದು ಯಾವ ನೆಲದಲ್ಲಿದೆ ಎಂದೇ ಅರ್ಥ. ಒಂದೇ ಪದ ವಸ್ತುವನ್ನೂ ನೆಲವನ್ನೂ ಸೂಚಿಸುವ ಈ ಸಂಗತಿಯಲ್ಲಿ ಏಕವಿಷಯ ಗ್ರಂಥದ ವಿಮರ್ಶೆಗೆ ಬೇಕಾದ ಅಳತೆಗೋಲು ದೊರೆಯುತ್ತದೆ. ನಮ್ಮ ಸಂಶೋಧನೆಯಲ್ಲಿ ವಸ್ತುವನ್ನು ಹಿಡಿದು ನೆಲವನ್ನು ಬಿಟ್ಟ ಗ್ರಂಥಗಳಿವೆ. ನೆಲವನ್ನು ಹಿಡಿದು ವಸ್ತುವಿಲ್ಲದೆ ಉಳಿದ ಗ್ರಂಥಗಳೂ ಇವೆ. ಎರಡೂ ಅರ್ಥಗಳಲ್ಲಿ 'ವಿಷಯ'ವುಳ್ಳ ಗ್ರಂಥಗಳು ಕಡಿಮೆ. ಈ ಮಾತನ್ನು ಧಾರವಾಡ ಜಿಲ್ಲೆಯ ಗ್ರಾಮಾಂತರ ಭಾಗವನ್ನು, ಅಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಪರಿಸರವನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಆರ್. ಎಸ್. ಪಂಚಮುಖಿಯವರ ನಿರ್ದೇಶಕತ್ವದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ, ಅನಂತರ ಕರ್ನಾಟಕ ವಿಶ್ವವಿದ್ಯಾಲಯ ಇವುಗಳಿಂದಾಗಿ ಧಾರವಾಡ ನಗರ ಕನ್ನಡ ಸಂಶೋಧನೆಯ ಒಂದು ಪ್ರಮುಖ ಕೇಂದ್ರವಾಯಿತು. ಅಂಥ ಕೇಂದ್ರಕ್ಕೆ ಹತ್ತಿರದ ಹಳ್ಳಿ ಮತ್ತು ಪಟ್ಟಣಗಳು ವಿದ್ವತ್ ಗ್ರಂಥಗಳಲ್ಲಿ ಹೇಗೆ ಕಾಣಿಸಿಕೊಂಡಿವೆ ಎಂಬುದು ಗ್ರಂಥಪ್ರಕಾರದ ಗುಣದೋಷಗಳನ್ನು ತಿಳಿಯಲು ಸಹಾಯಕವಾಗುತ್ತದೆ.

2

ಮೊದಲು ನೆಲದ ಮಾತು. ಈ ಪ್ರದೇಶದ ಗಡಿಗಳು ಇತಿಹಾಸದುದ್ದಕ್ಕೂ ಬದಲಾಗುತ್ತ ಬಂದಿವೆ. ಅಣ್ಣಿಗೇರಿ ಪರಿಸರ ಶಾಸನಗಳ ಕಾಲದಲ್ಲಿ ಬೆಳ್ವೊಲ-300 ನಾಡಿನ ಹೃದಯಭಾಗ. ಬ್ರಿಟಿಷರ ಕಾಲದಲ್ಲಿ ನವಲಗುಂದ, ಕಲಘಟಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲೂಕುಗಳಾಗಿದ್ದವು. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. 1997ರಲ್ಲಿ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದವು. ಬಹುಕಾಲ ನವಲಗುಂದ ತಾಲೂಕಿನಲ್ಲಿದ್ದ ಅಣ್ಣಿಗೇರಿ ಈಗ ತಾನೇ ಒಂದು ತಾಲೂಕು.

ಇದು ಕೇವಲ ಆಡಳಿತದ ವಿವರವಲ್ಲ. ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದ ಮುಂಬಯಿ ಗ್ಯಾಸೆಟಿಯರಿನ ಧಾರವಾಡ ಸಂಪುಟ 1884ರಲ್ಲಿ ಪ್ರಕಟವಾದಾಗ, ಹುಬ್ಬಳ್ಳಿಯ ಮಗ್ಗುಲಲ್ಲಿಯೇ ಇರುವ ಕುಂದಗೋಳ ಸಂಸ್ಥಾನಗಳ ಲೆಕ್ಕಕ್ಕೆ ಸೇರಿ ಬೇರೆ ಸಂಪುಟದ ವಸ್ತುವಾಯಿತು. ಕುಂದಗೋಳದ ಶಂಭುಲಿಂಗ ದೇವಾಲಯ ಕಲ್ಯಾಣ ಚಾಲುಕ್ಯ ಕಾಲದ ಅದೇ ಶಿಲ್ಪಿಪರಂಪರೆಯ ಕೃತಿ. ಅದನ್ನು ಕಟ್ಟಿದವರಿಗೆ ಜಮಖಂಡಿಯ ಗಡಿ ಗೊತ್ತಿರಲಿಲ್ಲ. ಆದರೆ ಜಿಲ್ಲೆಯನ್ನು ಚೌಕಟ್ಟಾಗಿ ಸ್ವೀಕರಿಸಿದ ಪುಸ್ತಕಕ್ಕೆ ಆ ಗಡಿಯೇ ನಿರ್ಣಾಯಕವಾಗುತ್ತದೆ. ಅದೇ ರೀತಿ 1997ಕ್ಕೆ ಮುಂಚೆ 'ಧಾರವಾಡ ಜಿಲ್ಲೆ' ಎಂಬ ಹೆಸರಿನಲ್ಲಿ ಬಂದ ಗ್ರಂಥದ ವ್ಯಾಪ್ತಿಯಲ್ಲಿ ಲಕ್ಕುಂಡಿಯೂ ಇದೆ, ಹಾನಗಲ್ಲೂ ಇದೆ. ಅನಂತರದ ಗ್ರಂಥದಲ್ಲಿ ಅವು ಇರಬೇಕಾಗಿಲ್ಲ. ಶೀರ್ಷಿಕೆ ಒಂದೇ, ನೆಲ ಬೇರೆ. ಗ್ರಂಥಾಲಯದ ಸೂಚಿಯಲ್ಲಿ ಇವೆರಡೂ ಒಂದೇ ಶೀರ್ಷಿಕೆಯಡಿ ಕುಳಿತಾಗ ಓದುಗನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಆದ್ದರಿಂದ ಪ್ರಾದೇಶಿಕ ಅಧ್ಯಯನ ಮಾಡುವ ಸಂಶೋಧಕನ ಮೊದಲ ಕರ್ತವ್ಯವೆಂದರೆ, ತಾನು ಆಯ್ದುಕೊಂಡ ಗಡಿ ತನ್ನ ವಸ್ತುವಿಗೆ ಒಪ್ಪುವುದೇ ಎಂದು ಕೇಳಿಕೊಳ್ಳುವುದು. ಹನ್ನೊಂದನೆಯ ಶತಮಾನದ ಬಸದಿಯನ್ನು ಅಭ್ಯಸಿಸಲು ಇಪ್ಪತ್ತೊಂದನೆಯ ಶತಮಾನದ ತಾಲೂಕು ತಕ್ಕ ಚೌಕಟ್ಟಲ್ಲ. ಬೆಳ್ವೊಲ ತಕ್ಕ ಚೌಕಟ್ಟು. ಮಲಪ್ರಭಾ ಕಾಲುವೆಯ ನೀರಾವರಿಯನ್ನು ಅಭ್ಯಸಿಸುವವನಿಗೆ ಬೆಳ್ವೊಲದಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ಅಚ್ಚುಕಟ್ಟು ಪ್ರದೇಶ. ವಸ್ತುವೇ ತನ್ನ ನೆಲವನ್ನು ಗೊತ್ತುಮಾಡಬೇಕು.

3

ವಸ್ತುನಿಷ್ಠ ಗ್ರಂಥಗಳು ನೆಲವನ್ನು ಹೇಗೆ ನಡೆಸಿಕೊಂಡಿವೆ ಎಂಬುದಕ್ಕೆ ಅಣ್ಣಿಗೇರಿ ಉತ್ತಮ ನಿದರ್ಶನ. ಈ ಊರಿನ ಹೆಸರು ಕರ್ನಾಟಕದ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿಯೊಂದರಲ್ಲಿಯೂ ಬೇರೆಯದೇ ಒಂದು ಅಣ್ಣಿಗೇರಿ.

ಜೆ. ಎಫ್. ಫ್ಲೀಟ್ ಅವರು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ರಚಿಸಿದ ಗ್ರಂಥ 1882ರಲ್ಲಿ ಹೊರಬಂದು, ಪರಿಷ್ಕೃತ ರೂಪದಲ್ಲಿ 1896ರ ಗ್ಯಾಸೆಟಿಯರ್ ಸಂಪುಟದಲ್ಲಿ ಸೇರಿತು. ಕದಂಬರಿಂದ ಯಾದವರವರೆಗಿನ ವಂಶಾವಳಿಗಳಿಗೂ ಕಾಲನಿರ್ಣಯಗಳಿಗೂ ಅದು ಹಾಕಿದ ಬುನಾದಿ ದೃಢವಾದುದು. ಅನಂತರದ ವಿದ್ವಾಂಸರು ಅದರ ಎಷ್ಟೋ ವಿವರಗಳನ್ನು ತಿದ್ದಿದ್ದಾರೆ. ಹಾಗೆ ತಿದ್ದಲು ಬೇಕಾದ ಚೌಕಟ್ಟನ್ನು ಒದಗಿಸಿದ್ದೂ ಅದೇ. ಆದರೆ ರಾಜವಂಶವೇ ವಸ್ತುವಾದಾಗ ಊರು ಅರಸನ ಬೀಡಾಗಿ ಮಾತ್ರ ಉಳಿಯುತ್ತದೆ. ಕಲ್ಯಾಣ ಚಾಲುಕ್ಯರ ಕೊನೆಯ ಅರಸು ನಾಲ್ಕನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅಣ್ಣಿಗೇರಿಯಲ್ಲಿ ನೆಲೆನಿಂತ ಕಾರಣ ಅದು 'ರಾಜಧಾನಿ'. ಅರಸ ಹೋದ ಮೇಲೆ ಊರೂ ಪುಟದಿಂದ ಮರೆಯಾಗುತ್ತದೆ.

ಎರಡನೆಯ ಅಣ್ಣಿಗೇರಿ ಜೈನ ಇತಿಹಾಸಕ್ಕೆ ಸೇರಿದ್ದು. ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದ, ಅಂದರೆ ಎಂಟನೆಯ ಶತಮಾನದ ನಡುವಣ ಕಾಲದ, ಇಲ್ಲಿಯ ಸ್ತಂಭಶಾಸನ ಜೇಬುಳಗೇರಿಯ ಮುಖ್ಯಸ್ಥನಾಗಿದ್ದ ಕಲಿಯಮ್ಮ ಎಂಬವನು ಚೈತ್ಯವೊಂದನ್ನು ಮಾಡಿಸಿದ ಸಂಗತಿಯನ್ನು ತಿಳಿಸುತ್ತದೆ. ಎಪಿಗ್ರಾಫಿಯಾ ಇಂಡಿಕಾದ ಹದಿನೈದನೆಯ ಸಂಪುಟದಲ್ಲಿ ಲಯನೆಲ್ ಬಾರ್ನೆಟ್ ಅವರು ಸಂಪಾದಿಸಿದ ಗಾವರವಾಡ ಮತ್ತು ಅಣ್ಣಿಗೇರಿ ಶಾಸನಗಳು ಇನ್ನೂ ಮಹತ್ವದವು. ಇಮ್ಮಡಿ ಸೋಮೇಶ್ವರನ ಆಳ್ವಿಕೆಗೆ ಸೇರಿದ, ಶಕ 993 ಮತ್ತು 994ರ ಈ ಶಾಸನಗಳ ಪ್ರಕಾರ, ಗಂಗ ಪೆರ್ಮಾಡಿಯ ಹೆಸರಿನ ಅಣ್ಣಿಗೇರಿಯ ಬಸದಿ ಚೋಳರ ದಂಡಯಾತ್ರೆಯಲ್ಲಿ ಹಾಳಾಯಿತು. ಬೆಳ್ವೊಲ ಮತ್ತು ಪುಲಿಗೆರೆ ನಾಡುಗಳನ್ನು ಆಳುತ್ತಿದ್ದ ಲಕ್ಷ್ಮರಸ ಅದನ್ನು ಜೀರ್ಣೋದ್ಧಾರಗೊಳಿಸಿದನು. ಚಾಲುಕ್ಯ-ಚೋಳ ಯುದ್ಧಗಳ ಇತಿಹಾಸಕಾರರು ಇವುಗಳಿಂದ ದಂಡಯಾತ್ರೆಯ ಅಂಶವನ್ನು ಆಯ್ದುಕೊಂಡರು. ಜೈನಧರ್ಮದ ಇತಿಹಾಸಕಾರರು ಜೀರ್ಣೋದ್ಧಾರದ ಅಂಶವನ್ನು ಆಯ್ದುಕೊಂಡರು. ಒಂದೇ ವೃತ್ತಾಂತಕ್ಕೆ ಸೇರಿದ ಈ ಶಾಸನಗಳ ಎರಡು ನೆಲೆಗಳಲ್ಲಿ ಗಾವರವಾಡ ಇಂದು ಗದಗ ಜಿಲ್ಲೆಯಲ್ಲಿದೆ, ಅಣ್ಣಿಗೇರಿ ಧಾರವಾಡ ಜಿಲ್ಲೆಯಲ್ಲಿದೆ. ಜಿಲ್ಲಾವಾರು ಚೌಕಟ್ಟಿನಲ್ಲಿ ದುಡಿಯುವ ಇಂದಿನ ಸಂಶೋಧಕನಿಗೆ ಒಂದು ಸಿಕ್ಕು ಇನ್ನೊಂದು ತಪ್ಪುವ ಅಪಾಯವಿದೆ.

ಮೂರನೆಯ ಅಣ್ಣಿಗೇರಿ ವಾಸ್ತು ಇತಿಹಾಸದ್ದು. ಹೆನ್ರಿ ಕಸಿನ್ಸ್ ಅವರ 1926ರ ಗ್ರಂಥ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ನಕ್ಷೆ ಮತ್ತು ಛಾಯಾಚಿತ್ರಗಳೊಂದಿಗೆ ಮೊದಲ ಬಾರಿಗೆ ವಿಸ್ತಾರವಾಗಿ ಮುಂದಿಟ್ಟಿತು. ಆಡಮ್ ಹಾರ್ಡಿ ಅವರ 1995ರ ಗ್ರಂಥ ಕರ್ಣಾಟ ದ್ರಾವಿಡ ಶೈಲಿಯ ವಿಕಾಸವನ್ನು ರೂಪವಿಶ್ಲೇಷಣೆಯಿಂದ ವಿವರಿಸಿತು. ಗೆರಾರ್ಡ್ ಫೂಕೆಮಾ ಅವರು 2003ರ ಗ್ರಂಥದಲ್ಲಿ ಕ್ರಿ.ಶ. 1000ದಿಂದ 1300ರವರೆಗಿನ ದೇವಾಲಯಗಳ ಗೋಡೆಗಳ ಅಲಂಕರಣ ವಿನ್ಯಾಸವನ್ನು ಪರಿಶೀಲಿಸಿದರು. ವಾಸ್ತು ವಿದ್ವಾಂಸರ ದೃಷ್ಟಿಯಲ್ಲಿ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಒಂದು ತಿರುವಿನ ಗುರುತು. ಸುಮಾರು 1050ರದೆಂದು ಗ್ರಹಿಸಲಾದ ಈ ದೇವಾಲಯದಲ್ಲಿ ಮರಳುಗಲ್ಲಿನ ಬದಲು ನುಣುಪಾದ ಬಳಪದ ಕಲ್ಲು ಬಳಕೆಗೆ ಬಂದಿತು. ಸೂಕ್ಷ್ಮ ಕೆತ್ತನೆಗೆ ಒದಗುವ ಈ ಕಲ್ಲಿನಿಂದಾಗಿ ಮುಂದಿನ ಚಾಲುಕ್ಯ ಮತ್ತು ಹೊಯ್ಸಳ ಶಿಲ್ಪಗಳ ಸ್ವರೂಪವೇ ಬದಲಾಯಿತು. ಈ ಗ್ರಂಥಗಳಲ್ಲಿ ಊರು ಒಂದು ಕಟ್ಟಡದ ವಿಳಾಸ.

ನಾಲ್ಕನೆಯದು ಸಾಹಿತ್ಯ ಚರಿತ್ರೆಯ ಅಣ್ಣಿಗೇರಿ. ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದಲ್ಲಿ ದೊರೆತ, ಪಂಪನ ತಮ್ಮ ಜಿನವಲ್ಲಭನ ಶಾಸನ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ ಇವರ ತಾಯಿಯೆಂದು ತಿಳಿಸುತ್ತದೆ. ಇದರಿಂದ ಆದಿಕವಿಯ ಮಾತೃಮೂಲ ಖಚಿತವಾಯಿತು. ಸಾಹಿತ್ಯ ಚರಿತ್ರೆಕಾರರಿಗೆ ಅಣ್ಣಿಗೇರಿ ಆ ಒಂದು ಮಾತಿನಿಂದ ಪವಿತ್ರವಾದ ಸ್ಥಳ.

ಈ ನಾಲ್ಕೂ ಚಿತ್ರಗಳು ತಮ್ಮತಮ್ಮಷ್ಟಕ್ಕೆ ಪ್ರಮಾಣಬದ್ಧವಾದವು. ಇವನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಏಳುವ ಪ್ರಶ್ನೆಗಳಿವೆ. ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ಈ ಒಂದೇ ಊರಿನಲ್ಲಿ, ಸುಮಾರು ಕಾಲು ಶತಮಾನದ ಆಸುಪಾಸಿನಲ್ಲಿ, ಬಸದಿಯೊಂದು ಯುದ್ಧದಲ್ಲಿ ಹಾಳಾಗುತ್ತದೆ. ಹೊಸ ಕಲ್ಲಿನಲ್ಲಿ ಹೊಸ ರೀತಿಯ ಶಿವಾಲಯ ಏಳುತ್ತದೆ. ಬಳಿಕ ಬಸದಿಯ ಜೀರ್ಣೋದ್ಧಾರ ನಡೆಯುತ್ತದೆ. ಯುದ್ಧದಿಂದ ಜರ್ಜರಿತವಾದ ಊರಿಗೆ ಇಂಥ ನಿರ್ಮಾಣದ ಶಕ್ತಿ ಎಲ್ಲಿಂದ ಬಂದಿತು? ಬಳಪದ ಕಲ್ಲನ್ನು ತರಿಸಿದವರು ಯಾರು, ತಂದ ದಾರಿ ಯಾವುದು? ಬಸದಿಗೂ ಶಿವಾಲಯಕ್ಕೂ ದತ್ತಿ ಬಿಟ್ಟ ಭೂಮಿಗಳು ಒಂದೇ ಎರೆಹೊಲಗಳ ಅಕ್ಕಪಕ್ಕದಲ್ಲಿದ್ದವೇ? ಎಂಟನೆಯ ಶತಮಾನದ ಕಲಿಯಮ್ಮನಿಂದ ಹತ್ತನೆಯ ಶತಮಾನದ ಜೋಯಿಸ ಸಿಂಘನ ಮನೆತನದವರೆಗೆ ಈ ಊರಿನ ಜೈನ-ಬ್ರಾಹ್ಮಣ ಸಂಬಂಧಗಳ ಸ್ವರೂಪವೇನು? ಪಂಪನ ತಂದೆ ಭೀಮಪಯ್ಯ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜೈನನಾದವನೆಂಬುದನ್ನು ನೆನೆದರೆ ಈ ಪ್ರಶ್ನೆಯ ತೂಕ ಅರಿವಾಗುತ್ತದೆ. ರಾಜವಂಶದ ಗ್ರಂಥ ಇದನ್ನು ವಾಸ್ತು ಗ್ರಂಥಕ್ಕೆ ಬಿಡುತ್ತದೆ, ವಾಸ್ತು ಗ್ರಂಥ ಶಾಸನತಜ್ಞರಿಗೆ ಬಿಡುತ್ತದೆ, ಶಾಸನತಜ್ಞರು ಸಾಹಿತ್ಯ ಚರಿತ್ರೆಕಾರರಿಗೆ ಬಿಡುತ್ತಾರೆ. ಪ್ರಶ್ನೆ ಗ್ರಂಥಗಳ ಸಂದಿಯಲ್ಲಿ ಉಳಿಯುತ್ತದೆ.

4

ಇದರಿಂದ ಏಕವಿಷಯ ಗ್ರಂಥದ ಪ್ರಕಾರವೇ ದೋಷಯುಕ್ತವೆಂದು ತೀರ್ಮಾನಿಸುವುದು ಸರಿಯಲ್ಲ. ವಿಷಯವನ್ನು ಸೀಮಿತಗೊಳಿಸದೆ ಆಳಕ್ಕೆ ಇಳಿಯಲು ಸಾಧ್ಯವಿಲ್ಲ. ನಮ್ಮ ವಿದ್ವಾಂಸರ ಕೆಲವು ಶ್ರೇಷ್ಠ ಏಕವಿಷಯ ಗ್ರಂಥಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಡಾ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪ್ರಕಟವಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಆಧರಿಸಿದ ಈ ಗ್ರಂಥ, ಆಳಿದವರು ಯಾರೆಂಬ ಪ್ರಶ್ನೆಯಿಂದ ಬಾಳಿದವರು ಹೇಗೆ ಬಾಳಿದರೆಂಬ ಪ್ರಶ್ನೆಗೆ ಕನ್ನಡ ಶಾಸನ ವಿದ್ಯೆಯನ್ನು ತಿರುಗಿಸಿತು. ಅದರ ಶಕ್ತಿಯಿರುವುದು ವ್ಯಾಪ್ತಿಯಲ್ಲಿ. ಬೆಳ್ವೊಲದ ಒಂದು ಸಾಲು, ಬನವಾಸಿಯ ಒಂದು ಸಾಲು, ಗಂಗವಾಡಿಯ ಒಂದು ಸಾಲು ಒಟ್ಟುಗೂಡಿ ಒಂದು ಆಚರಣೆಯ ಚಿತ್ರವಾಗುತ್ತದೆ. ಅದರ ಮಿತಿಯೂ ಅಲ್ಲಿಯೇ ಇದೆ. ಸಾಲುಗಳು ತಮ್ಮ ಊರಿನಿಂದ ಕಳಚಿ ಬರುತ್ತವೆ. ಪ್ರವರ್ತಕ ಗ್ರಂಥಕ್ಕೆ ಇದು ಅನಿವಾರ್ಯವಾಗಿತ್ತು. ಅದನ್ನು ಮಾದರಿಯಾಗಿ ಸ್ವೀಕರಿಸಿ 'ಸಾಂಸ್ಕೃತಿಕ ಅಧ್ಯಯನ' ಎಂಬ ಶೀರ್ಷಿಕೆಯಡಿಯಲ್ಲಿ ಬಂದ ಅನೇಕ ಗ್ರಂಥಗಳು ಅದರ ಅಧ್ಯಾಯ ವಿಭಜನೆಯನ್ನು ಅನುಸರಿಸಿದವು. ಅದರ ಪ್ರಶ್ನೆಯ ಹೊಸತನವನ್ನು ಅನುಸರಿಸಲಿಲ್ಲ.

ಡಾ. ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' 1982ರದು. ಅದೇ ವರ್ಷ ಎಸ್. ಶೆಟ್ಟರ್ ಮತ್ತು ಗುಂಥರ್ ಸೋಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳನ್ನು ಕುರಿತ ಗ್ರಂಥ ಧಾರವಾಡದಿಂದ ಹೊರಬಂದಿತು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ಶಾಸನಗಳೇ ಬಳಸುವ ಪರಿಭಾಷೆಯಿಂದ ವೀರಗಲ್ಲುಗಳನ್ನು ವರ್ಗೀಕರಿಸಲು ಸಾಧ್ಯವೆಂಬುದು ಇಂಥ ಅಧ್ಯಯನಗಳಿಂದ ದೃಢಪಟ್ಟಿತು. ಹಳ್ಳಿಯ ಹೊರಗೆ ಬಿದ್ದಿದ್ದ, ಬಟ್ಟೆ ಒಗೆಯುವ ಕಲ್ಲಾಗಿ ಬಳಕೆಯಾಗುತ್ತಿದ್ದ ಶಿಲೆಗಳಿಗೆ ವಿದ್ವತ್ ಲೋಕದಲ್ಲಿ ಗೌರವದ ಸ್ಥಾನ ದೊರೆಯಿತು. ಏಕವಿಷಯ ಗ್ರಂಥದ ಸಾರ್ಥಕತೆ ಇದೇ ಆಗಿದೆ: ಎಲ್ಲರ ಕಣ್ಣ ಮುಂದಿದ್ದೂ ಯಾರೂ ಕಾಣದೆ ಇದ್ದುದನ್ನು ಅದು ಒಂದು ವಿಷಯವನ್ನಾಗಿ ಸ್ಥಾಪಿಸುತ್ತದೆ.

ಡಾ. ಜಿ. ಎಸ್. ದೀಕ್ಷಿತ್ ಅವರ ಮಧ್ಯಕಾಲೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1964ರಲ್ಲಿ ಪ್ರಕಟಿಸಿತು. ಮಹಾಜನರು, ಗಾವುಂಡರು, ನಗರ, ಸೆಟ್ಟಿಗುತ್ತ ಮೊದಲಾದ ವ್ಯವಸ್ಥೆಗಳ ಸ್ವರೂಪ ಶೋಧನೆಯಲ್ಲಿ ಅವರಿಗೆ ಒದಗಿದ ಸಾಮಗ್ರಿಯಲ್ಲಿ ಬೆಳ್ವೊಲ ಮತ್ತು ಅದರ ನೆರೆಯ ನಾಡುಗಳ ಪಾಲು ದೊಡ್ಡದು. ಅವರೇ ಜಿ. ಆರ್. ಕುಪ್ಪುಸ್ವಾಮಿ ಮತ್ತು ಎಸ್. ಕೆ. ಮೋಹನ್ ಅವರೊಡನೆ ಸೇರಿ 1993ರಲ್ಲಿ ಕರ್ನಾಟಕದ ಕೆರೆ ನೀರಾವರಿಯ ಇತಿಹಾಸವನ್ನು ರಚಿಸಿದರು. ನವಲಗುಂದ ಭಾಗದ ಓದುಗನಿಗೆ ಈ ವಿಷಯ ಬೇರೆ ರೀತಿಯಲ್ಲಿ ಮುಖ್ಯ. ಎರೆಭೂಮಿಯ ಈ ಬಯಲಿನಲ್ಲಿ ಕೆರೆ ಗದ್ದೆಗೆ ನೀರುಣಿಸುವುದಕ್ಕಿಂತ ಹೆಚ್ಚಾಗಿ ಕುಡಿಯುವ ನೀರಿನ ಆಸರೆ. ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಕೆರೆಯ ಕೆಳಗೆ ಭತ್ತ. ನವಲಗುಂದದಲ್ಲಿ ಕೆರೆಯ ದಂಡೆಯಲ್ಲಿ ಕೊಡಗಳ ಸಾಲು. 'ಕೆರೆ' ಎಂಬ ಒಂದೇ ಪದ ಒಂದೇ ಜಿಲ್ಲೆಯೊಳಗೆ ಎರಡು ಭಿನ್ನ ವ್ಯವಸ್ಥೆಗಳನ್ನು ಹೇಳುತ್ತದೆ. ರಾಜ್ಯವ್ಯಾಪ್ತಿಯ ಗ್ರಂಥದಲ್ಲಿ ಈ ವ್ಯತ್ಯಾಸ ಸುಲಭವಾಗಿ ಸಮತಟ್ಟಾಗುತ್ತದೆ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಘಟನೆಯ ಹಿನ್ನೆಲೆಯಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರವಿತ್ತು. ಎಂ. ವಿ. ನಾಡಕರ್ಣಿಯವರು 1987ರ ತಮ್ಮ ಗ್ರಂಥದಲ್ಲಿ ಭಾರತದ ರೈತ ಚಳವಳಿಗಳನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದರು. ಆದರೆ ನೀರಿಗಾಗಿ ಶತಮಾನಗಳ ಕಾಲ ಕೆರೆಯನ್ನೇ ನಂಬಿದ್ದ ಊರಿಗೆ ಕಾಲುವೆ ಬಂದಾಗ, ನೀರಿನ ಒಡೆತನ ಊರಿನಿಂದ ಸರಕಾರಕ್ಕೆ ಸಾಗಿದ ಬಗೆಯನ್ನು ತಿಳಿಯಲು ಕೆರೆಯ ಶಾಸನವನ್ನೂ ಕರದ ನೋಟೀಸನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ವಸ್ತು ಮತ್ತು ನೆಲ ಎರಡನ್ನೂ ಸಮನಾಗಿ ಹಿಡಿದ ಗ್ರಂಥಕ್ಕೆ ನಿದರ್ಶನ ಬೇಕಿದ್ದರೆ ಪ್ರೊ. ಷ. ಶೆಟ್ಟರ್ ಅವರು ಸಲ್ಲೇಖನವನ್ನು ಕುರಿತು ಇಂಗ್ಲಿಷಿನಲ್ಲಿ ರಚಿಸಿದ ಜೋಡಿ ಗ್ರಂಥಗಳನ್ನು ನೋಡಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ಆಯ್ದುಕೊಂಡ ನೆಲ ಶ್ರವಣಬೆಳಗೊಳದ ಒಂದು ಬೆಟ್ಟ. ಆಯ್ದುಕೊಂಡ ವಸ್ತು ಸಾವು. ಬೆಟ್ಟದ ಬಂಡೆಯ ಮೇಲಿನ ಪ್ರತಿಯೊಂದು ನಿಸಿದಿ ಯಾವ ಜಾಗದಲ್ಲಿದೆ, ಅದರ ಪಕ್ಕದಲ್ಲಿ ಏನಿದೆ ಎಂಬುದು ಅಲ್ಲಿ ವಾದದ ಭಾಗವೇ ಆಗಿದೆ. ವಸ್ತು ಎಷ್ಟು ಸಾರ್ವತ್ರಿಕವೋ ನೆಲ ಅಷ್ಟೇ ನಿರ್ದಿಷ್ಟ. 2014ರ 'ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ' ಗ್ರಂಥದಲ್ಲಿ ಅವರು ಶಾಸನದ ಪಾಠದಿಂದ ಕಣ್ಣನ್ನು ತೆಗೆದು ಅದನ್ನು ಬರೆದ, ಕೆತ್ತಿದ ಕೈಗಳ ಕಡೆಗೆ ತಿರುಗಿದರು. ಪಠ್ಯದಿಂದ ಕಸುಬಿಗೆ ಸಾಗಿದ ಈ ದಾರಿ ಧಾರವಾಡ ಸೀಮೆಯ ಇನ್ನೊಂದು ಕೊರತೆಯ ಕಡೆಗೆ ನಮ್ಮ ಗಮನ ಸೆಳೆಯುತ್ತದೆ.

5

ಶಾಸನ ಮತ್ತು ದೇವಾಲಯಗಳಿಗೆ ದೊರೆತಂಥ ಗ್ರಂಥಪರಂಪರೆ ಈ ಸೀಮೆಯ ಕಸುಬುಗಳಿಗೆ ದೊರೆತಿಲ್ಲ. ಕುತೂಹಲದ ಸಂಗತಿಯೆಂದರೆ, ಮುಂಬಯಿ ಪ್ರಾಂತದಲ್ಲಿ 'ಮೊನೊಗ್ರಾಫ್' ಎಂಬ ಹೆಸರು ಸರಕಾರದ ಕಡತಗಳಲ್ಲಿ ಕೈಗಾರಿಕೆಗಳ ಸಂಬಂಧದಲ್ಲಿಯೂ ಚಲಾವಣೆಯಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಣ್ಣಗಾರಿಕೆ, ರೇಷ್ಮೆ, ಮರಗೆತ್ತನೆ ಮೊದಲಾದ ಕಸುಬುಗಳ ಮೇಲೆ ಅಧಿಕಾರಿಗಳಿಂದ ಒಂದೊಂದು ಹೊತ್ತಗೆ ಬರೆಯಿಸಲಾಯಿತು. ಜಮಖಾನ ಮತ್ತು ರತ್ನಗಂಬಳಿಗಳ ನೇಯ್ಗೆಯನ್ನು ಕುರಿತ ಎಚ್. ಜೆ. ಆರ್. ಟ್ವಿಗ್ ಅವರ ಹೊತ್ತಗೆ 1907ರದು. ಸ್ವಾತಂತ್ರ್ಯಾನಂತರ, 1961ರ ಜನಗಣತಿಯ ಸಂದರ್ಭದಲ್ಲಿ ರಿಜಿಸ್ಟ್ರಾರ್ ಜನರಲ್ ಅಶೋಕ ಮಿತ್ರ ಅವರ ಪ್ರೇರಣೆಯಿಂದ ದೇಶದಾದ್ಯಂತ ಗ್ರಾಮ ಸಮೀಕ್ಷೆಯ ಮತ್ತು ಕರಕುಶಲ ಸಮೀಕ್ಷೆಯ ಮೊನೊಗ್ರಾಫುಗಳು ಸಿದ್ಧವಾದವು. ಮನೆಗಳ ಸಂಖ್ಯೆ, ಸಾಲ, ಆಹಾರ, ಉಡುಗೆ, ಉಪಕರಣ ಇವನ್ನೆಲ್ಲ ಶ್ರದ್ಧೆಯಿಂದ ದಾಖಲಿಸಿದ ಈ ಹೊತ್ತಗೆಗಳು ಇಂದು ಬೆಲೆಬಾಳುವ ಆಕರಗಳು. ಆದರೆ ಆಡಳಿತದ ಪ್ರಶ್ನಾವಳಿಗೆ ಉತ್ತರವಾಗಿ ಹುಟ್ಟಿದ ಬರವಣಿಗೆಗೆ ತನ್ನದೇ ಪ್ರಶ್ನೆಯಿರುವುದಿಲ್ಲ. ಅಲ್ಲಿ ಮಾಹಿತಿಯಿದೆ, ವಾದವಿಲ್ಲ.

ನವಲಗುಂದದ ಜಮಖಾನವನ್ನು ನೋಡಬಹುದು. ನವಿಲು, ಪಗಡೆಹಾಸು ಮೊದಲಾದ ವಿನ್ಯಾಸಗಳ ಈ ಹತ್ತಿಯ ಜಮಖಾನಗಳಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನೇಯುವವರು ಮುಸ್ಲಿಂ ಮಹಿಳೆಯರು. ತಮ್ಮ ಪೂರ್ವಿಕರು ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದವರೆಂಬುದು ಅವರ ಪರಂಪರಾಗತ ಹೇಳಿಕೆ. ಮದುವೆಯಾಗಿ ಬೇರೆ ಊರಿಗೆ ಹೋಗುವ ಮಗಳಿಗಿಂತ ಮನೆಗೆ ಬರುವ ಸೊಸೆಗೆ ಈ ವಿದ್ಯೆಯನ್ನು ಕಲಿಸುವ ರೂಢಿಯಿತ್ತೆಂದೂ ಹೇಳುತ್ತಾರೆ. ಈ ಒಂದು ಹೇಳಿಕೆಯಲ್ಲಿ ಕಸುಬಿನ ಗುಟ್ಟು, ಹೆಣ್ಣಿನ ಸ್ಥಾನ, ಊರಿನ ಹಕ್ಕು, ಮನೆತನದ ಆಸ್ತಿ ಇವೆಲ್ಲದರ ಪ್ರಶ್ನೆಗಳು ಅಡಕವಾಗಿವೆ. ಭೌಗೋಳಿಕ ಗುರುತು ವಸ್ತುವನ್ನು ನೆಲಕ್ಕೆ ಕಾನೂನಿನ ಮೂಲಕ ಕಟ್ಟುತ್ತದೆ. ಅದೇ ಕೆಲಸವನ್ನು ವಿದ್ವತ್ತಿನ ಮೂಲಕ ಮಾಡಬೇಕಾದುದು ಏಕವಿಷಯ ಗ್ರಂಥ. ಕಾನೂನಿನ ದಾಖಲೆ ಕಸುಬಿಗೆ ರಕ್ಷಣೆ ಕೊಡಬಹುದು. ಹಾಸಿನಲ್ಲಿ ನವಿಲಿನ ಕೊರಳು ತಿರುಗುವ ಜಾಗದಲ್ಲಿ ಎಳೆಗಳ ಎಣಿಕೆ ಹೇಗೆ ಬದಲಾಗುತ್ತದೆಂಬುದನ್ನು ಅದು ಉಳಿಸಿಕೊಡಲಾರದು.

ಕಲಘಟಗಿಯ ತೊಟ್ಟಿಲಿನ ಸ್ಥಿತಿಯೂ ಇದೇ. ಚಿತ್ರಗಾರ ಮನೆತನಗಳು ಮರದಲ್ಲಿ ಮಾಡಿ, ಬಣ್ಣ ಮತ್ತು ಅರಗಿನಿಂದ ಅಲಂಕರಿಸುವ ಈ ತೊಟ್ಟಿಲುಗಳು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಹೆಸರಾದವು. ಅವುಗಳ ಮೇಲಿನ ಕಥಾಚಿತ್ರಗಳನ್ನು ದೇವಾಲಯದ ಭಿತ್ತಿಶಿಲ್ಪಗಳಷ್ಟೇ ಗಂಭೀರವಾಗಿ ಓದಬೇಕು. ದುಡಿಯುವ ಮನೆಗಳ ಸಂಖ್ಯೆ ಇಂದು ತೀರ ಕಡಿಮೆಯಾಗಿದೆ. ಶಾಸನ ಇನ್ನೊಂದು ನೂರು ವರ್ಷ ಕಾಯಬಹುದು, ಕಸುಬು ಕಾಯಲಾರದು. ಯಾವ ವಿಷಯದ ಮೇಲೆ ಮೊದಲು ಗ್ರಂಥ ಬರಬೇಕೆಂಬ ಪ್ರಶ್ನೆಗೆ ಸಂಶೋಧನ ಸಂಸ್ಥೆಗಳು ಈ ದೃಷ್ಟಿಯಿಂದಲೂ ಉತ್ತರ ಹುಡುಕಬೇಕಾಗಿದೆ.

ಕುಂದಗೋಳದ್ದು ಇನ್ನೊಂದು ಬಗೆ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರ (1886-1952) ಅವರು ಅಬ್ದುಲ್ ಕರೀಂ ಖಾನರ ಶಿಷ್ಯರು; ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಗುರುಗಳು. ಕಿರಾಣಾ ಘರಾಣೆಯನ್ನು ಕುರಿತ ಬರವಣಿಗೆಯಲ್ಲಿ ಇವರ ಹೆಸರು ತಪ್ಪದೆ ಬರುತ್ತದೆ. ಆದರೆ ವ್ಯಕ್ತಿಚಿತ್ರಗಳ ಮಾದರಿಯಲ್ಲಿ ಸಾಗುವ ಸಂಗೀತ ಸಾಹಿತ್ಯ, ಸಣ್ಣ ಸಂಸ್ಥಾನವೊಂದರ ಬಿಡಿ ತಾಲೂಕಾಗಿದ್ದ ಈ ಊರು ಹಿಂದುಸ್ಥಾನಿ ಗಾಯನದ ಕಲಿಕೆಯ ನೆಲೆಯಾದುದು ಹೇಗೆಂದು ವಿವರಿಸುವುದು ಅಪರೂಪ. ನಾಡಗೀರರ ವಾಡೆಯಂಥ ಆಶ್ರಯ, ಮರಾಠಿ ಸಂಗೀತ ನಾಟಕದ ಸಂಚಾರ, ಸಂಸ್ಥಾನಗಳ ನಡುವಣ ಸಂಪರ್ಕ, ಹುಬ್ಬಳ್ಳಿಯ ರೈಲು ಇವೆಲ್ಲ ಸೇರಿದ ನೆಲವೇ ಆ ಗಾಯನದ ಹಿಂದಿದೆ. ಗ್ಯಾಸೆಟಿಯರಿನಲ್ಲಿ ಕುಂದಗೋಳವನ್ನು ಧಾರವಾಡದಿಂದ ಬೇರ್ಪಡಿಸಿದ ಅದೇ ಸಂಸ್ಥಾನದ ಗಡಿ, ಸಂಗೀತದ ಇತಿಹಾಸದಲ್ಲಿ ಅದನ್ನು ಒಂದು ವಿಶಾಲ ಲೋಕಕ್ಕೆ ಜೋಡಿಸಿತು ಎನ್ನಲು ಅವಕಾಶವಿದೆ. ಇದನ್ನು ಪರೀಕ್ಷಿಸಬೇಕಾದವರು ಮುಂದಿನ ಸಂಶೋಧಕರು.

6

ಇನ್ನು ಕನ್ನಡ ಸಂಶೋಧನೆಯ ರೂಢಿಯ ಬಗ್ಗೆ ಒಂದೆರಡು ಮಾತು. ನಮ್ಮಲ್ಲಿ ಶ್ರೇಷ್ಠ ಶೋಧಗಳು ಹೆಚ್ಚಾಗಿ ಬಿಡಿ ಲೇಖನಗಳಲ್ಲಿಯೇ ಪ್ರಕಟವಾಗಿವೆ. ಡಾ. ಎಂ. ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟಗಳು ಇದಕ್ಕೆ ಉಜ್ವಲ ನಿದರ್ಶನ. ಅದರ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಂದು ಪದ, ಒಂದು ಊರ ಹೆಸರು, ಒಂದು ಪಾಠಾಂತರವನ್ನು ಹಿಡಿದು ನಾಲ್ಕು ಪುಟಗಳಲ್ಲಿ ದೊಡ್ಡ ಸಮಸ್ಯೆಯನ್ನು ಬಿಡಿಸುವ ಬಗೆ ಅವರದು. ಅದೇ ಲೇಖನಿಯಿಂದ 'ಶಾಸನಗಳಲ್ಲಿ ಶಿವಶರಣರು' ಎಂಬ ಏಕವಿಷಯ ಗ್ರಂಥವೂ ಬಂದಿತು. ಕಾವ್ಯ ಪುರಾಣಗಳ ಶರಣರನ್ನು ಕಲ್ಲಿನ ಸಾಕ್ಷ್ಯದ ಮೇಲೆ ಪರೀಕ್ಷಿಸುವ ಆ ಗ್ರಂಥ, ವಿಷಯದ ಗೆರೆ ಎಷ್ಟು ಸ್ಪಷ್ಟವಾಗಿದ್ದರೆ ಫಲಿತ ಅಷ್ಟು ಖಚಿತವಾಗಿರುತ್ತದೆಂಬುದನ್ನು ತೋರಿಸುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಹತ್ಯೆಯಾಯಿತು. ಸತ್ಯಶೋಧನೆಗೆ ತೆರಬೇಕಾದ ಬೆಲೆಯನ್ನು ಈ ನೆಲ ಅಷ್ಟು ಹತ್ತಿರದಿಂದ ಕಂಡಿದೆ.

ಬಿಡಿ ಲೇಖನದ ಗುಣ ಚುರುಕುತನ. ಅಭಿನಂದನ ಗ್ರಂಥಗಳಲ್ಲಿ ಹಂಚಿಹೋಗಿ ಕಾಲಕ್ರಮದಲ್ಲಿ ಕೈಗೆ ಸಿಗದಂತಾಗುವುದು ಅದರ ದೌರ್ಬಲ್ಯ. ಪಿಎಚ್.ಡಿ. ಮಹಾಪ್ರಬಂಧಗಳು ಈ ಕೊರತೆಯನ್ನು ತುಂಬಬೇಕಾಗಿತ್ತು. 'ಇಂಥ ತಾಲೂಕು: ಒಂದು ಸಾಂಸ್ಕೃತಿಕ ಅಧ್ಯಯನ' ಎಂಬ ಮಾದರಿ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಪರಿಚಿತವಾದುದು. ಭೌಗೋಳಿಕ ಹಿನ್ನೆಲೆ, ರಾಜಕೀಯ ಇತಿಹಾಸ, ದೇವಾಲಯಗಳು, ಜಾತ್ರೆಗಳು, ಜಾನಪದ, ಉಪಸಂಹಾರ ಎಂಬ ಅಧ್ಯಾಯಗಳ ಸಾಲಿನಲ್ಲಿ ತಾಲೂಕಿನ ಹೆಸರನ್ನು ಬದಲಿಸಿದರೂ ಪ್ರಬಂಧದ ಮೈಕಟ್ಟು ಬದಲಾಗುವುದಿಲ್ಲ. ಇಲ್ಲಿ ನೆಲವಿದೆ, ಆದರೆ ಆ ನೆಲದಿಂದ ಹುಟ್ಟಿದ ಪ್ರಶ್ನೆಯಿಲ್ಲ. ಮೇಲೆ ಕಂಡ ವಾಸ್ತು ಗ್ರಂಥಗಳ ಮಿತಿಗೆ ಇದು ವಿರುದ್ಧ ದಿಕ್ಕಿನ ಮಿತಿ.

ಇದರ ಜೊತೆಗೆ ಸೂಚಿಗಳ ಪ್ರಶ್ನೆಯಿದೆ. ಸ್ಥಳಸೂಚಿಯಿಲ್ಲದ ಸಂಶೋಧನ ಗ್ರಂಥ ಬಾಗಿಲಿಲ್ಲದ ಉಗ್ರಾಣದಂತೆ. ಅಣ್ಣಿಗೇರಿಯ ಒಬ್ಬ ಶಿಕ್ಷಕ ತನ್ನ ಊರಿನ ಬಗ್ಗೆ ತಿಳಿಯಬಯಸಿದರೆ, ಯುದ್ಧದ ಪುಸ್ತಕ, ಜೈನಧರ್ಮದ ಪುಸ್ತಕ, ವಾಸ್ತುವಿನ ಪುಸ್ತಕ, ಪಂಪನ ಪುಸ್ತಕ ಇಷ್ಟನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕೇ? ಗ್ರಂಥಸೂಚಿಯಲ್ಲಿ ವಸ್ತುವಿನ ಶೀರ್ಷಿಕೆಯ ಕೆಳಗೆ ಮಾತ್ರ ಸೇರಿದ ಪುಸ್ತಕ ಆ ಓದುಗನ ಪಾಲಿಗೆ ಇಲ್ಲದಂತೆಯೇ. ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳು ಮತ್ತು ದೇವಾಲಯ ಕೋಶಗಳು ಈ ದಿಕ್ಕಿನಲ್ಲಿ ಉಪಯುಕ್ತವಾಗಿವೆ. ಆದರೆ ಕೋಶ ಗ್ರಂಥದ ಬದಲಿಯಲ್ಲ. ಕೋಶ ಎಲ್ಲಿದೆಯೆಂದು ಹೇಳುತ್ತದೆ, ಏಕೆಂದು ಹೇಳುವುದು ಏಕವಿಷಯ ಗ್ರಂಥದ ಕೆಲಸ.

7

ಒಟ್ಟಿನಲ್ಲಿ ಹೇಳುವುದಾದರೆ, ಏಕವಿಷಯ ಗ್ರಂಥವೊಂದನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು. ವಸ್ತುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದು ಅದರೊಳಗಿನ ಆಕರಗಳನ್ನು ಪೂರ್ಣವಾಗಿ ದುಡಿಸಿಕೊಂಡಿದೆಯೇ ಎಂಬುದು ಮೊದಲನೆಯದು. ಆ ವಸ್ತುವಿಗೆ ತಕ್ಕ ನೆಲವನ್ನು, ಇಂದಿನ ಆಡಳಿತದ ಗಡಿಗೆ ಸೋಲದೆ, ಗೊತ್ತುಮಾಡಿಕೊಂಡಿದೆಯೇ ಎಂಬುದು ಎರಡನೆಯದು. ತಾನು ಆಕರವಾಗಿ ಬಳಸಿದ ಊರಿಗೆ, ಆ ಊರಿನ ಓದುಗನಿಗೆ ಮರಳುವ ದಾರಿಯನ್ನು ಇಟ್ಟಿದೆಯೇ ಎಂಬುದು ಮೂರನೆಯದು. ಧಾರವಾಡ ಸೀಮೆಯ ಸಂಶೋಧನೆ ಮೊದಲ ಪ್ರಶ್ನೆಗೆ ಹೆಮ್ಮೆಯಿಂದ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಅದರ ಉತ್ತರ ಅಲ್ಲಲ್ಲಿ ಮಾತ್ರ ಇದೆ. ಮೂರನೆಯದನ್ನು ಅದು ಇನ್ನೂ ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ.

ಹನ್ನೊಂದನೆಯ ಶತಮಾನದ ಅಣ್ಣಿಗೇರಿ, ಎರೆಬಯಲಿನ ಕೆರೆ ಮತ್ತು ಕಾಲುವೆ, ನವಲಗುಂದದ ಜಮಖಾನ, ಕಲಘಟಗಿಯ ತೊಟ್ಟಿಲು, ಸಂಸ್ಥಾನಕಾಲದ ಕುಂದಗೋಳ ಇವು ಐದೂ ಐದು ಗ್ರಂಥಗಳನ್ನು ಬೇಡುವ ವಿಷಯಗಳು. ಇವುಗಳಲ್ಲಿ ಕೆಲವಕ್ಕೆ ಆಕರಗಳು ಅಚ್ಚಿನಲ್ಲಿವೆ. ಕೆಲವಕ್ಕೆ ಇನ್ನೂ ದುಡಿಯುತ್ತಿರುವ ಕೈಗಳಲ್ಲಿವೆ. ಕೈಗಳಲ್ಲಿರುವುದನ್ನು ಮೊದಲು ಬರೆದುಕೊಳ್ಳುವುದು ವಿವೇಕ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ತಮ್ಮ ಪ್ರಕಟಣ ಯೋಜನೆಗಳಲ್ಲಿ ಸಂಸ್ಮರಣ ಸಂಪುಟಗಳಿಗೆ ಕೊಡುವಷ್ಟು ಸ್ಥಾನವನ್ನು ಇಂಥ ಒಂದೊಂದು ವಿಷಯದ, ಒಂದೊಂದು ನೆಲದ ಗ್ರಂಥಗಳಿಗೂ ಕೊಟ್ಟರೆ, ಶಾಸನಕಾರರು 'ವಿಷಯ' ಎಂಬ ಪದಕ್ಕೆ ಕೊಟ್ಟಿದ್ದ ಅರ್ಥ ನಮ್ಮ ಸಂಶೋಧನೆಗೆ ಮತ್ತೆ ಕೂಡಿಬರುವುದು.